ಕಣ್ಣೀರು ತರಿಸದ ಎಂಟು ಈರುಳ್ಳಿ

ಈರುಳ್ಳಿಯನ್ನು ಚಪ್ಪಲಿ ಗೂಡಿನಲ್ಲಿ ಇಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಹೊಸ ಬೆಳೆಗಳ ಪರಿಶೀಲನಾ ಕಚೇರಿಯ ನಿಯಮಾವಳಿಯಲ್ಲಂತೂ ಇಲ್ಲವೇ ಇಲ್ಲ. ಹಂಗಾಮಿ ಅದನ್ನು ಮೂರು ಸಲ ಓದಿದ್ದ. ಮಾದರಿಗಳನ್ನು ಒಣಗಿದ, ಬಿಸಿಲು ಬೀಳದ ಜಾಗದಲ್ಲಿ, ಬಣ್ಣ, ಸೀಮೆಎಣ್ಣೆ ಮುಂತಾದ ವಾಸನೆಗಳಿಂದ ದೂರ, ಬಾಗಿಲು ಹಾಕಿ ಇಡತಕ್ಕದ್ದು ಎಂದಷ್ಟೇ ಅದರಲ್ಲಿತ್ತು. ಹಿಂದಿನ ದಿನ ಸಂಜೆ ಕಚೇರಿಯ ಗೋಡೆಗಳಿಗೆ ಬಣ್ಣ ಹೊಡೆಯಲು ಜನ ಬಂದಾಗ, ಸೂಪರಿಂಟೆಂಡೆಂಟರು "ಎಲ್ಲಾದ್ರೂ ಇಡ್ರೀ, ಜವಾಬ್ದಾರಿ ನಿಮ್ದು" ಎಂದು ಬಾಯಿಮಾತಿನಲ್ಲಿ ಹೇಳಿ ಮನೆಗೆ ಹೊರಟುಬಿಟ್ಟಿದ್ದರು. ಹಂಗಾಮಿಯ ಮನೆಯಲ್ಲಿ ಒಣಗಿದ, ಬಿಸಿಲು ಬೀಳದ, ಬಾಗಿಲಿದ್ದ ಜಾಗ ಒಂದೇ ಒಂದು. ವಾಸನೆಯ ವಿಷಯದಲ್ಲಿ ಅವನಿಗೆ ಸ್ವಲ್ಪ ಅನುಮಾನವಿತ್ತು. ಆದರೆ ನಿಯಮದ ಪಟ್ಟಿಯಲ್ಲಿ ಚಪ್ಪಲಿಯ ಹೆಸರಿರಲಿಲ್ಲ.

ಹಂಗಾಮಿ ಎಂಬುದು ಅವನ ನಿಜವಾದ ಹೆಸರಲ್ಲ. ಏಳು ವರ್ಷಗಳ ಹಿಂದೆ ಮೂರು ತಿಂಗಳ ಮಟ್ಟಿಗೆಂದು ಆ ಕಚೇರಿ ಸೇರಿದ್ದ. ಮೂರು ತಿಂಗಳಿಗೊಮ್ಮೆ ಇನ್ನೂ ಮೂರು ತಿಂಗಳು ಎಂದು ಕೆಲಸ ಮುಂದುವರಿಯುತ್ತ ಹೋಗಿ, ಕೊನೆಗೆ ಹೆಸರಿನ ಜಾಗದಲ್ಲಿ ಹುದ್ದೆಯೇ ಬಂದು ಕೂತುಬಿಟ್ಟಿತ್ತು. ಅವನ ವಿಭಾಗದ ಹೆಸರು ಮಾತ್ರ ಗಂಭೀರವಾಗಿತ್ತು: ಮಾದರಿ ರಕ್ಷಣಾ ವಿಭಾಗ. ಅದರಲ್ಲಿ ಒಂದು ಕಪಾಟು, ಒಂದು ಕುರ್ಚಿ ಮತ್ತು ಅವನು ಇದ್ದರು.

ಕಪಾಟಿನಲ್ಲಿದ್ದದ್ದು ಎಂಟು ಈರುಳ್ಳಿ. ವಿಜ್ಞಾನಿಯೊಬ್ಬರು ಅವುಗಳ ಒಂದು ಜೀನನ್ನು ತಿದ್ದಿ, ಹೆಚ್ಚುವಾಗ ಕಣ್ಣೀರು ಬಾರದಂತೆ ಮಾಡಿದ್ದರು. ಇದನ್ನು ಹೊಸ ಬೆಳೆ ಎನ್ನಬೇಕೋ ಮಾಮೂಲಿ ಈರುಳ್ಳಿ ಎನ್ನಬೇಕೋ ಎಂಬುದು ಈ ದಿನ ಮಧ್ಯಾಹ್ನ ಮೂರಕ್ಕೆ ತೀರ್ಮಾನವಾಗಬೇಕಿತ್ತು. ಹೊಸ ಬೆಳೆ ಎಂದಾದರೆ ಮೂರು ವರ್ಷ ಬೇಲಿಯೊಳಗೆ ಬೆಳೆದು ನೋಡಬೇಕು, ಮಾರುವಾಗ ಚೀಲದ ಮೇಲೆ ಚೀಟಿ ಹಚ್ಚಬೇಕು, ಅಲ್ಲಿಯವರೆಗೆ ಮಾದರಿ ಕಾಯಲು ಒಬ್ಬ ಕಾಯಂ ನೌಕರ ಬೇಕು. ಆ ಕಾಯಂ ನೌಕರಿಯ ಆದೇಶ ಕಚೇರಿಯ ಅಧ್ಯಕ್ಷೆಯ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿತ್ತು. ಎಂಟರಲ್ಲಿ ಒಂದು ಕಡಿಮೆಯಾದರೂ ಅದನ್ನು ಹರಿದು ಬುಟ್ಟಿಗೆ ಹಾಕುವುದಾಗಿ ಆಕೆ ಮೊದಲೇ ಹೇಳಿದ್ದರು. ಆಕೆ ಆಡಿದ ಮಾತಿಗೆ ತಪ್ಪುವವರಲ್ಲ.

ಬೆಳಿಗ್ಗೆ ಏಳಕ್ಕೆ ಹಂಗಾಮಿ ಚಪ್ಪಲಿ ಗೂಡಿನ ಬಾಗಿಲು ತೆಗೆದ. ಚಪ್ಪಲಿಗಳಿದ್ದವು. ಬೇರೇನೂ ಇರಲಿಲ್ಲ. ಚಪ್ಪಲಿಗಳನ್ನು ಒಂದೊಂದಾಗಿ ಹೊರಗೆ ತೆಗೆದು ನೋಡತೊಡಗಿದ.

"ಅದನ್ನಾ ಹುಡುಕ್ತಿರೋದು?" ಎಂದರು ಅಡುಗೆಮನೆಯಿಂದ ಅವನ ಅತ್ತೆ. ವಾರದ ಮಟ್ಟಿಗೆ ಮಗಳ ಮನೆಗೆ ಬಂದವರು, ಬಂದ ದಿನದಿಂದ ಮನೆಯನ್ನು ರಿಪೇರಿ ಮಾಡುತ್ತಿದ್ದರು. "ಅಳಿಯಂದ್ರೇ, ತಿನ್ನೋ ವಸ್ತೂನ ಯಾರಾದ್ರೂ ಚಪ್ಪಲಿ ಜೊತೆ ಇಡ್ತಾರಾ? ನೋಡಿದೋರು ಏನಂದ್ಕೊಂಡಾರು? ತೊಳೆದು ಒರೆಸಿ ಬುಟ್ಟಿಗೆ ಹಾಕಿದೀನಿ."

"ಯಾವ ಬುಟ್ಟಿಗೆ ಅತ್ತೆ?"

"ಈ ಮನೇಲಿ ಇರೋದೇ ಒಂದು ಬುಟ್ಟಿ. ಎರಡು ಇದ್ದಿದ್ರೆ ನಾನ್ಯಾಕೆ ಮಾತಾಡ್ತಿದ್ದೆ?"

"ಒಂದೊಂದರ ಮೇಲೂ ನಂಬರಿನ ಚೀಟಿ ಇತ್ತಲ್ಲ..."

"ಇತ್ತಪ್ಪಾ, ಅಂಟಂಟು! ನೀರಲ್ಲಿ ನೆನೆಸಿ, ಉಗುರಲ್ಲಿ ಕೆರೆದು ತೆಗಿಯೋದ್ರಲ್ಲಿ ಸಾಕುಸಾಕಾಯ್ತು."

ಹಂಗಾಮಿ ಕಸದ ಡಬ್ಬಿಗೆ ಕೈಹಾಕಿದ. ಎಂಟೂ ಚೀಟಿ ಸಿಕ್ಕವು, ಒಂದು ಮಾತ್ರ ಮೊಟ್ಟೆಯ ಸಿಪ್ಪೆಗೆ ಅಂಟಿಕೊಂಡಿತ್ತು. ಆಮೇಲೆ ಬುಟ್ಟಿ ನೋಡಿದ. ಹೆಂಡತಿ ಸಂತೆಯಿಂದ ತಂದದ್ದು ಹದಿನೈದು, ಕಚೇರಿಯವು ಎಂಟು. ಇಪ್ಪತ್ತಮೂರು ಇರಬೇಕಿತ್ತು. ಇಪ್ಪತ್ತೊಂದಿದ್ದವು. ಎಲ್ಲವೂ ಒಂದೇ ತಾಯಿ ಹೆತ್ತ ಮಕ್ಕಳ ಹಾಗೆ ಕಾಣುತ್ತಿದ್ದವು.

"ಎರಡು ಮೇಲಿನ ಮನೆ ಟೈಲರಕ್ಕ ಇಸ್ಕೊಂಡು ಹೋದ್ರು ರೀ," ಎಂದಳು ಹೆಂಡತಿ, ಹಲ್ಲುಜ್ಜುತ್ತ. ಗಂಡ ಮೆಟ್ಟಿಲಿಗೆ ಓಡುವುದನ್ನು ಕಂಡು ಅಂಗಿ ಹಿಡಿದು ನಿಲ್ಲಿಸಿದಳು. "ಅವರ ಮನೆಗೆ ಹೋಗಿರೋದು ನಿಮ್ಮದೋ ನಮ್ಮದೋ ಯಾರಿಗೆ ಗೊತ್ತು? ಮೊದ್ಲು ಇಲ್ಲಿರೋದನ್ನ ಬೇರೆ ಮಾಡಿ."

ಬೇರೆ ಮಾಡುವುದು ಹೇಗೆ? ದಾರಿ ಒಂದೇ. ತುದಿಯನ್ನು ಉಗುರಿನಷ್ಟು ಕೊಯ್ದು ಕಣ್ಣಿನ ಬಳಿ ಹಿಡಿಯುವುದು. ಉರಿದರೆ ಸಂತೆಯದು, ಉರಿಯದಿದ್ದರೆ ಕಚೇರಿಯದು. ಹಂಗಾಮಿ ಚಾಕು ಹಿಡಿದು ಕೂತ. ಮೊದಲನೆಯದು ಉರಿಯಿತು. ಎರಡನೆಯದು ಉರಿಯಿತು. ಮೂರನೆಯದಕ್ಕೆ ಕಣ್ಣಲ್ಲಿ ಧಾರಾಕಾರ ಸುರಿಯುತ್ತಿತ್ತಾದರೂ ಅದು ಮೂರನೆಯದರ ಉರಿಯೋ ಎರಡನೆಯದರ ಬಾಕಿಯೋ ಹೇಳುವವರಿಲ್ಲ. ಒಮ್ಮೆ ಅತ್ತ ಕಣ್ಣು ಅರ್ಧ ಗಂಟೆ ಸಾಕ್ಷಿ ಹೇಳಲು ಬರುವುದಿಲ್ಲವೆಂದು ಅವನಿಗೆ ಆಗ ತಿಳಿಯಿತು.

"ಬೇರೆ ಕಣ್ಣು ಬೇಕು," ಎಂದ.

ಹೆಂಡತಿಯ ಕಣ್ಣು ನಾಲ್ಕು ಈರುಳ್ಳಿಗೆ ಬಾಳಿತು. ಅತ್ತೆಯ ಕಣ್ಣು ಐದಕ್ಕೆ. ಹಳೇ ಕಾಲದ ಕಣ್ಣು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಮೂಗು ಏರಿಸುತ್ತಿದ್ದಾಗ, ಪಕ್ಕದ ಮನೆಯ ನಿವೃತ್ತ ಕೋರ್ಟ್ ಗುಮಾಸ್ತರು ಪೇಪರು ಕೇಳಲು ಬಾಗಿಲಿಗೆ ಬಂದರು. ಒಳಗಿನ ದೃಶ್ಯ ನೋಡಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಯಾವಾಗ ಹೋಗಿದ್ದು?" ಎಂದರು ಮೆಲ್ಲಗೆ.

"ಬೆಳಿಗ್ಗೆ," ಎಂದ ಹಂಗಾಮಿ ಬಿಕ್ಕುತ್ತ. "ಎಂಟೂ ಹೋಯ್ತು ಸಾರ್. ಈಗ ನಾಲ್ಕು ಸಿಕ್ಕಿದೆ."

ಗುಮಾಸ್ತರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. ನಲವತ್ತು ವರ್ಷ ಕೋರ್ಟಿನಲ್ಲಿ ದುಡಿದರೂ ಒಂದೇ ಮನೆಯಲ್ಲಿ ಎಂಟು ಸಾವಿನ ಕೇಸು ಅವರು ಕಂಡಿರಲಿಲ್ಲ. ವಿಷಯ ತಿಳಿಸಿದ ಮೇಲೆ ಅವರಿಗೆ ಸಮಾಧಾನವಾಯಿತು, ಸ್ವಲ್ಪ ನಿರಾಸೆಯೂ ಆಯಿತು. ಆದರೂ ಕಣ್ಣು ಕೊಡಲು ಒಪ್ಪಿದರು. ಎರಡನ್ನೂ ಒಟ್ಟಿಗೆ ಕೊಡದೆ, ಮೊದಲು ಎಡಗಣ್ಣು, ಅದು ಸೋತ ಮೇಲೆ ಬಲಗಣ್ಣು ಎಂದು ಉಪಾಯವಾಗಿ ಕೊಟ್ಟರು. ಗದ್ದಲ ಕೇಳಿ ಮೇಲಿನಿಂದ ಇಳಿದು ಬಂದ ಟೈಲರಕ್ಕ ಮಾತ್ರ ಯಾವ ಉಪಯೋಗಕ್ಕೂ ಬರಲಿಲ್ಲ. ನಾಲ್ವರು ಅಳುತ್ತಿರುವುದನ್ನು ಕಂಡದ್ದೇ ತಡ, ಕಾರಣ ಕೇಳುವ ಮೊದಲೇ ಆಕೆ ಗೊಳೋ ಎಂದು ಅತ್ತಾಗಿತ್ತು.

ಒಂಬತ್ತೂವರೆಗೆ ಇಪ್ಪತ್ತೊಂದೂ ಮುಗಿದವು. ಕಚೇರಿಯವು ಆರು. ಲೆಕ್ಕ ಸ್ಪಷ್ಟವಾಗಿತ್ತು: ಮೇಲಿನ ಮನೆಗೆ ಹೋದ ಎರಡೂ ಕಚೇರಿಯವೇ.

"ಒಂದು ಇದೆ ತಮ್ಮಾ," ಎಂದು ಟೈಲರಕ್ಕ ಕಣ್ಣೊರೆಸಿಕೊಂಡರು. "ಅಳತೆ ಕಾಗದ ಹಾರದ ಹಾಗೆ ಅದರ ಮೇಲೆ ಇಟ್ಟಿದೀನಿ, ತಗೋ. ಇನ್ನೊಂದು ನಮ್ಮನೆಯವರ ಊಟದ ಡಬ್ಬಿಲಿ ಹೋಯ್ತಲ್ಲ. ಊಟಕ್ಕೆ ಒಂದು ಹಸಿ ಈರುಳ್ಳಿ ಇಲ್ದಿದ್ರೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯಲ್ಲ."

ಆಕೆಯ ಗಂಡ ಸಿಟಿ ಬಸ್ಸಿನ ಡ್ರೈವರು. ಅದೃಷ್ಟಕ್ಕೆ ಅವರ ಬಸ್ಸು ಹಂಗಾಮಿಯ ಕಚೇರಿಯ ಮುಂದೆಯೇ ಹೋಗುತ್ತಿತ್ತು. ದುರದೃಷ್ಟಕ್ಕೆ ಮುಂದಿನ ಸುತ್ತು ಬರುವುದು ಹನ್ನೆರಡೂಕಾಲಿಗೆ, ಅವರ ಊಟದ ಹೊತ್ತು ಒಂದಕ್ಕೆ. ಹಂಗಾಮಿ ಕಚೇರಿಗೆ ಫೋನು ಮಾಡಿ ಹೊಟ್ಟೆನೋವೆಂದ. ಸುಳ್ಳಾಗಿರಲಿಲ್ಲ. ಆಮೇಲೆ ಏಳು ಈರುಳ್ಳಿಯನ್ನು ಚೀಲಕ್ಕೆ ಹಾಕಿ, ತನ್ನ ಊಟದ ಡಬ್ಬಿ ಹಿಡಿದು, ಬಸ್ ನಿಲ್ದಾಣದಲ್ಲಿ ಒಂದೇ ಕಾಲಿನ ಮೇಲೆ ನಿಂತ.

ಬಸ್ಸು ಬಂದಿತು. ಒಳಗೆ "ಚಾಲಕರೊಂದಿಗೆ ಮಾತನಾಡಬೇಡಿ" ಎಂಬ ಬೋರ್ಡಿನ ಕೆಳಗೇ ನಿಂತು ಅವನು ಮಾತು ಶುರುಮಾಡಿದ.

"ಭಾವಾ, ನಿಮ್ಮ ಡಬ್ಬಿಲಿ ಒಂದು ಈರುಳ್ಳಿ ಇದೆಯಲ್ಲ, ಅದನ್ನ ತಿನ್ನಬೇಡಿ. ಅದು ಸರ್ಕಾರದ್ದು."

ಡ್ರೈವರು ರಸ್ತೆಯಿಂದ ಕಣ್ಣು ತೆಗೆಯದೆ ಗೇರು ಬದಲಿಸಿದರು. "ಬೆಳಿಗ್ಗೆಯಿಂದ ಮೂರು ಜನ ಹುಚ್ಚರು ಹತ್ತಿದ್ರು. ನೀನು ನಾಲ್ಕನೆಯವನು ಆಗಬೇಡ."

ಹಂಗಾಮಿ ಎಲ್ಲ ಹೇಳಿದ. ಮುಂದಿನ ಸೀಟಿನವರು ಕೇಳಿಸಿಕೊಂಡು ಹಿಂದಿನ ಸೀಟಿನವರಿಗೆ ಹೇಳಿದರು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ವಿಷಯ ತಿಳಿದು ಎರಡು ಪಕ್ಷವಾಗಿತ್ತು.

"ಅದನ್ನ ತಿಂದ್ರೆ ಏನಾಗುತ್ತೆ?" ಎಂದರು ಡ್ರೈವರು.

"ಏನೂ ಆಗಲ್ಲ ಭಾವಾ."

"ಏನೂ ಆಗಲ್ಲ ಅಂದ್ರೆ ಬೀಗ ಹಾಕಿ ಯಾಕೆ ಇಟ್ಕೊಂಡಿದೀರಿ?"

"ಏನೂ ಆಗಲ್ಲ ಅಂತ ತೀರ್ಮಾನ ಆಗೋವರೆಗೆ."

"ಸರಿಯಾಗೇ ಇದೆ," ಎಂದರು ಕೋಳಿಮರಿಗಳ ಪೆಟ್ಟಿಗೆ ಹಿಡಿದಿದ್ದ ಒಬ್ಬ ಹೆಂಗಸು. "ನೋಡದೆ ತಿನ್ನೋಕಾಗುತ್ತಾ? ನನ್ನ ಹೊಟ್ಟೆಗೆ ಹೋಗೋದು ಏನು ಅಂತ ನನಗೆ ಗೊತ್ತಾಗಬೇಡ್ವಾ? ಚೀಲದ ಮೇಲೆ ಬರೀಲಿ. ಬೇಕಾದೋರು ತಗೊಳ್ಲಿ, ಬೇಡವಾದೋರು ಬಿಡ್ಲಿ."

"ಏನಂತ ಬರೀತಾರಮ್ಮ?" ಎಂದರು ಕಿಟಕಿ ಪಕ್ಕದ ಗಡಿಯಾರ ರಿಪೇರಿಯವರು. "ನಮ್ಮಜ್ಜ ಮಾವಿಗೆ ಕಸಿ ಕಟ್ಟಿದಾಗ ಯಾರೂ ಚೀಟಿ ಅಂಟಿಸ್ಲಿಲ್ಲ. ಹೆಚ್ಚೋವಾಗ ಅಳು ಬರಲ್ಲ ಅಂದ್ರೆ ಒಳ್ಳೇದಲ್ವಾ? ಮನೆಯಲ್ಲಿ ಅಳೋಕೆ ಬೇರೆ ಕಾರಣ ಇಲ್ವಾ?"

"ಕಸಿ ಕಟ್ಟಿದ್ದು ಎಲ್ಲರ ಕಣ್ಣಿಗೂ ಕಾಣ್ತಿತ್ತು. ಇದು ಕಾಣುತ್ತಾ?"

ಬಸ್ಸು ಕಚೇರಿಯ ನಿಲ್ದಾಣವನ್ನೂ ದಾಟಿತು. ಇಳಿಯಬೇಕಿದ್ದ ಇಬ್ಬರು ವಾದ ಮುಗಿಯಲೆಂದು ಕೂತೇ ಇದ್ದರು. ಕೊನೆಯ ನಿಲ್ದಾಣದಲ್ಲಿ ಡ್ರೈವರು ಡಬ್ಬಿ ತೆರೆದರು. ಈರುಳ್ಳಿ ಇಡಿಯಾಗಿಯೇ ಇತ್ತು. ಹಂಗಾಮಿ ಕೈ ಚಾಚಿದ. ಡ್ರೈವರು ಮಾತ್ರ ಅದನ್ನು ಮುಷ್ಟಿಯಲ್ಲಿ ಹಿಡಿದು, ಬದಲಿಗೆ ಏನು ಎಂದು ಕೇಳಿದರು. ಹಂಗಾಮಿ ತನ್ನ ಊಟದ ಡಬ್ಬಿಯನ್ನು ಹಾಗೇ ಒಪ್ಪಿಸಿ, ಬಂದ ದಾರಿಯಲ್ಲಿ ನಾಲ್ಕು ನಿಲ್ದಾಣ ಖಾಲಿ ಹೊಟ್ಟೆಯಲ್ಲಿ ನಡೆದ.

ಎರಡೂವರೆಗೆ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಎಂಟೂ ಈರುಳ್ಳಿಗೆ ಎಂಟೂ ಚೀಟಿ ಅಂಟಿಸಿದ. ತುದಿ ಕೊಯ್ದ ಗಾಯದ ಮೇಲೆಯೇ ಅಂಟಿಸಿದ್ದರಿಂದ ಗಾಯವೂ ಮುಚ್ಚಿತು. ಮೂರನೇ ನಂಬರಿನದು ಐದಾಗಿರಬಹುದು, ಐದು ಒಂದಾಗಿರಬಹುದು. ಆದರೆ ಅದನ್ನು ಹೇಳಬಲ್ಲವರು ಈ ಭೂಮಿಯ ಮೇಲೆ ಇರಲಿಲ್ಲ. ಮೇಲಿನ ಮಹಡಿಯ ಸಭಾಕೋಣೆಗೆ ಅವನು ಟ್ರೇ ಹಿಡಿದು ಹೋದಾಗ ಮೂರಕ್ಕೆ ಎರಡು ನಿಮಿಷವಿತ್ತು.

ಅಧ್ಯಕ್ಷೆ ಎಣಿಸಿದರು. "ಎಂಟು. ಸರಿಯಾಗಿದೆ." ಅವನ ಮುಖ ನೋಡಿದರು. "ಕಣ್ಣು ಯಾಕ್ರೀ ಹಾಗೆ ಕೆಂಪಾಗಿದೆ?"

"ನಿದ್ದೆ ಇಲ್ಲ ಮೇಡಂ. ಮಾದರಿಗಳದ್ದೇ ಯೋಚನೆ."

"ನಿಷ್ಠಾವಂತರು," ಎಂದರು ಅಧ್ಯಕ್ಷೆ. ಸೂಪರಿಂಟೆಂಡೆಂಟರು ಗೋಡೆ ನೋಡಿದರು.

ಪರೀಕ್ಷೆಯ ವಿಧಾನ ನಿಯಮಾವಳಿಯ ಏಳನೇ ನಮೂನೆಯಲ್ಲಿತ್ತು. ಐವರು ಮೇಜಿನ ಸುತ್ತ ಕೂರಬೇಕು. ಅಧ್ಯಕ್ಷೆ, ಸೂಪರಿಂಟೆಂಡೆಂಟರು, ಬೆಳೆ ತಂದ ವಿಜ್ಞಾನಿ, ಗ್ರಾಹಕರ ಪ್ರತಿನಿಧಿ ಮತ್ತು ಮಾದರಿ ಕಾಯುವವನು. ಒಂದು ಈರುಳ್ಳಿಯನ್ನು ಹದಿನಾರು ಹೋಳು ಮಾಡಿ ಹತ್ತು ನಿಮಿಷ ಇಡಬೇಕು. ಹತ್ತು ನಿಮಿಷ ಯಾರ ಕಣ್ಣಲ್ಲೂ ನೀರು ಬಾರದಿದ್ದರೆ ಹೇಳಿಕೊಂಡ ಗುಣ ಇದೆ ಎಂದರ್ಥ: ಅದು ಹೊಸ ಬೆಳೆ, ಬೇಲಿ, ಚೀಟಿ, ಕಾವಲು ಎಲ್ಲ ಉಂಟು. ಒಬ್ಬರ ಕಣ್ಣಲ್ಲಿ ಬಂದರೂ ಅದು ಮಾಮೂಲಿ ಈರುಳ್ಳಿ, ಯಾರ ಅನುಮತಿಯೂ ಬೇಡ, ನಾಳೆಯೇ ಸಂತೆಗೆ ಕಳಿಸಬಹುದು. ನಮೂನೆಯಲ್ಲಿ ನಾಲ್ಕು ಕಾಲಂ: ಹೆಸರು, ಬಲಗಣ್ಣು, ಎಡಗಣ್ಣು, ಸಮಯ.

ಸೂಪರಿಂಟೆಂಡೆಂಟರು ಚಾಕು ಹಾಕಿದರು. ಗಡಿಯಾರದ ಗುಂಡಿ ಒತ್ತಿದರು.

ವಿಜ್ಞಾನಿಯ ಪಾಡು ಯಾರಿಗೂ ಬೇಡ. ಯಾರೂ ಅಳದಿದ್ದರೆ ಹತ್ತು ವರ್ಷದ ಶ್ರಮ ಗೆದ್ದಂತೆ, ಆದರೆ ಇನ್ನೂ ಮೂರು ವರ್ಷ ಬೇಲಿಯೊಳಗೆ. ಅತ್ತರೆ ಸೋತಂತೆ, ಆದರೆ ನಾಳೆಯೇ ಬಿಡುಗಡೆ. "ಒಂದು ಜೀನನ್ನ ಸುಮ್ಮನಾಗಿಸಿದೀನಿ ಅಷ್ಟೆ ಮೇಡಂ," ಎಂದು ಮತ್ತೆ ಹೇಳಿದರು. "ಹೊರಗಿಂದ ಏನೂ ಸೇರಿಸಿಲ್ಲ. ಪ್ರಕೃತಿಯೇ ಎಂದಾದ್ರೂ ಮಾಡಬಹುದಾಗಿದ್ದ ಕೆಲಸ."

"ಪ್ರಕೃತಿ ಪೇಟೆಂಟ್ ಕೇಳಿರಲಿಲ್ಲ," ಎಂದರು ಗ್ರಾಹಕರ ಪ್ರತಿನಿಧಿ. ಆಕೆಗೆ ಚೀಟಿ ಬೇಕಿತ್ತು, ಬೇಲಿ ಬೇಕಿತ್ತು. ಆದ್ದರಿಂದ ಯಾರೂ ಅಳಬಾರದೆಂದು ಎಲ್ಲರ ಕಣ್ಣನ್ನೂ ಸರದಿಯಲ್ಲಿ ನೋಡುತ್ತಿದ್ದರು.

ಐದು ನಿಮಿಷ ಕಳೆಯಿತು. ಏಳಾಯಿತು. ಯಾವ ಕಣ್ಣೂ ತೇವವಾಗಲಿಲ್ಲ. ಹಂಗಾಮಿಯ ಕಣ್ಣಂತೂ ಬೆಳಿಗ್ಗೆಯೇ ಬರಿದಾಗಿ, ಬೇಸಿಗೆಯ ಬಾವಿಯ ಹಾಗೆ ಒಣಗಿತ್ತು. ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ, ತನ್ನ ಕೆಲಸ ತಾನು ನೆಟ್ಟಗೆ ಮಾಡಿದ್ದೇನೆ ಎನ್ನಿಸಿತು.

ಒಂಬತ್ತನೇ ನಿಮಿಷದ ಹೊತ್ತಿಗೆ ಅಧ್ಯಕ್ಷೆಗೆ ಸುಮ್ಮನೆ ಕೂತು ಬೇಸರವಾಯಿತು. "ಹೇಗೂ ಆಯ್ತಲ್ಲ," ಎಂದು ಫೈಲು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಹೊತ್ತು ಹೋಗಲಿ, ಇದನ್ನೂ ಮುಗಿಸಿಬಿಡೋಣ." ಸಹಿ ಹಾಕಿದರು. ಹಾಳೆಯನ್ನು ಅವನ ಕಡೆ ತಿರುಗಿಸಿ ನಕ್ಕರು. "ಏಳು ವರ್ಷ ಕಾದಿರಿ. ಇವತ್ತಿನಿಂದ ನಿಮ್ಮನ್ನ ಯಾರೂ ಹಂಗಾಮಿ ಅನ್ನೋ ಹಾಗಿಲ್ಲ. ಕಾಯಂ."

ಆ ಒಂದು ಮಾತಿಗೆ ಅವನೊಳಗೆ ಏಳು ವರ್ಷದಿಂದ ಕಟ್ಟಿ ನಿಂತದ್ದೆಲ್ಲ ಒಡೆಯಿತು. ಮೂರು ತಿಂಗಳಿಗೊಮ್ಮೆ ಬಾಗಿಲ ಬಳಿ ನಿಂತು ಮುಂದುವರಿಕೆ ಕೇಳಿದ್ದು, ಮದುವೆ ಮನೆಗಳಲ್ಲಿ "ಎಲ್ಲಿ ಕೆಲಸ?" ಎಂದರೆ ಮಾತು ತಿರುಗಿಸಿದ್ದು, ಎಲ್ಲವೂ ನೆನಪಾಯಿತು. ಬಹಳ ಸಂತೋಷವಾಯಿತು. ಬಲಗಣ್ಣಿನಿಂದ ಒಂದು ಹನಿ ಕೆನ್ನೆಗಿಳಿಯಿತು, ಎಡಗಣ್ಣಿನಿಂದ ಎರಡು.

ಸೂಪರಿಂಟೆಂಡೆಂಟರು ಗಡಿಯಾರ ನಿಲ್ಲಿಸಿದರು. "ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು," ಎಂದು ಬರೆದುಕೊಂಡರು. "ಬಲಗಣ್ಣು, ಹೌದು. ಎಡಗಣ್ಣು, ಹೌದು."

"ಅಯ್ಯೋ ಸಾರ್, ಇದು ಈರುಳ್ಳಿಯದಲ್ಲ! ಸಂತೋಷಕ್ಕೆ ಬಂದಿದ್ದು!"

"ಅದನ್ನ ಯಾವ ಕಾಲಂನಲ್ಲಿ ಬರೀಲಿ?"

ನಾಲ್ಕು ಕಾಲಂನಲ್ಲಿ ಕಾರಣಕ್ಕೆ ಜಾಗವಿರಲಿಲ್ಲ. ಗ್ರಾಹಕರ ಪ್ರತಿನಿಧಿ ಎದ್ದು ನಿಂತು ಇದು ಅನ್ಯಾಯವೆಂದರು. ವಿಜ್ಞಾನಿ ಒಂದು ಕ್ಷಣ ಯೋಚಿಸಿದರು. ಹತ್ತು ವರ್ಷದ ಶ್ರಮ ಒಂದು ಕಡೆ, ಮೂರು ವರ್ಷದ ಬೇಲಿ ಇನ್ನೊಂದು ಕಡೆ. "ನಿಯಮ ಅಂದ್ರೆ ನಿಯಮ ಮೇಡಂ," ಎಂದರು ತಲೆ ತಗ್ಗಿಸಿ. "ನನ್ನ ಸೋಲನ್ನ ನಾನು ಒಪ್ಕೊಳ್ತೀನಿ."

"ಮೇಡಂ, ನಾನು ಪ್ರಮಾಣ ಮಾಡಿ ಹೇಳ್ತೀನಿ, ಇದು ಕಣ್ಣೀರು ತರಿಸದ ಅಸಲಿ ಈರುಳ್ಳಿ," ಎಂದ ಹಂಗಾಮಿ. "ನನ್ನಷ್ಟು ಇದನ್ನ ಪರೀಕ್ಷೆ ಮಾಡಿದೋರು ಯಾರೂ ಇಲ್ಲ."

ಹೇಗೆ ಪರೀಕ್ಷೆ ಮಾಡಿದಿರಿ ಎಂದು ಅವರು ಕೇಳಿದ್ದರೆ ಅವನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಅಧ್ಯಕ್ಷೆ ನಿಟ್ಟುಸಿರಿಟ್ಟರು. ಆಕೆಗೆ ನಿಜವಾಗಿಯೂ ಬೇಸರವಾಗಿತ್ತು.

"ನಿಮ್ಮ ಮಾತು ನಡೆಯಲ್ಲಪ್ಪ. ಇದು ಹೊಸ ಬೆಳೆ ಆದ್ರೆ ನಿಮ್ಮ ವಿಭಾಗ ಇರುತ್ತೆ, ನಿಮ್ಮ ಕೆಲಸ ಇರುತ್ತೆ. ಮಾಮೂಲಿ ಆದ್ರೆ ಹೋಗುತ್ತೆ. ಇದರಲ್ಲಿ ಲಾಭ ಇರೋರ ಸಾಕ್ಷಿ ತಗೊಳ್ಳೋ ಹಾಗಿಲ್ಲ. ಈ ಸಹಿಗೆ ಮೊದಲು ನೀವು ಹಂಗಾಮಿ, ಆಗ ಹೇಳಿದ್ರೆ ಕೇಳಬಹುದಿತ್ತು."

ಸೂಪರಿಂಟೆಂಡೆಂಟರು ತೀರ್ಮಾನ ಬರೆದರು: ಮಾಮೂಲಿ ಈರುಳ್ಳಿ, ಅನುಮತಿ ಅನಗತ್ಯ. ಅದರ ಕೆಳಗೆ ಇನ್ನೊಂದು: ಕಾಯಲು ಏನೂ ಇಲ್ಲದ ಕಾರಣ ಮಾದರಿ ರಕ್ಷಣಾ ವಿಭಾಗವನ್ನು ಇಂದಿನಿಂದ ಮುಚ್ಚಲಾಗಿದೆ. ಕಾಯಂ ಆದೇಶವನ್ನು ತಿರುಗಿಸಿ ನೋಡಿದರೆ, "ಸದರಿ ವಿಭಾಗ ಇರುವವರೆಗೆ" ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಹಂಗಾಮಿ ಕಾಯಂ ಆಗಿದ್ದದ್ದು ಒಟ್ಟು ಹದಿನಾಲ್ಕು ನಿಮಿಷ. ಅವನಿಂದ ಎರಡು ಕಡೆ ಸಹಿ ಹಾಕಿಸಿಕೊಂಡು ಎಲ್ಲರೂ ಎದ್ದರು. ವಿಜ್ಞಾನಿ ಹೋಗುವಾಗ ಅವನ ಎರಡೂ ಕೈ ಹಿಡಿದು ಬಹಳ ಹೊತ್ತು ಕುಲುಕಿದರು.

ಸೂಪರಿಂಟೆಂಡೆಂಟರು ಮಾತ್ರ ಹಿಂದೆ ಉಳಿದು ಅವನ ಹೆಗಲ ಮೇಲೆ ಕೈಯಿಟ್ಟರು. "ಅತ್ತುಬಿಡ್ರೀ. ಮನಸ್ಸು ಹಗುರ ಆಗುತ್ತೆ."

ಅವನಿಗೂ ಅಳಬೇಕೆನ್ನಿಸಿತು. ಆದರೆ ಅಳು ಬರಲಿಲ್ಲ. ತಟ್ಟೆಯಲ್ಲಿದ್ದ ಹೋಳುಗಳಲ್ಲಿ ಒಂದನ್ನು ಎತ್ತಿ ಬಲಗಣ್ಣಿನ ಕೆಳಗೆ ಹಿಡಿದ. ಎಡಗಣ್ಣಿನ ಕೆಳಗೆ ಹಿಡಿದ. ಇನ್ನೊಂದು ಹೋಳನ್ನು ಹಿಸುಕಿ, ರಸವನ್ನು ಎರಡೂ ರೆಪ್ಪೆಗೆ ಬಳಿದುಕೊಂಡ. ಹತ್ತು ನಿಮಿಷ ಹಾಗೇ ಕೂತ. ಒಂದು ಹನಿಯೂ ಬರಲಿಲ್ಲ.

"ನೋಡಿ ಸಾರ್," ಎಂದ ಕೊನೆಗೆ, ಒಣಗಿದ ಕಣ್ಣುಗಳನ್ನು ಅಗಲಿಸಿ. "ಈಗಲಾದ್ರೂ ನೋಡಿ."

ಸೂಪರಿಂಟೆಂಡೆಂಟರು ಬಗ್ಗಿ, ಒಂದು ಕಣ್ಣು ನೋಡಿದರು, ಇನ್ನೊಂದು ಕಣ್ಣೂ ನೋಡಿದರು. "ನಿಜ ಕಣ್ರೀ," ಎಂದರು. "ಅಸಲಿ." ಆಮೇಲೆ ಏಳನೇ ನಮೂನೆಯನ್ನು ಎರಡಾಗಿ ಮಡಚಿ, ಲಕೋಟೆಗೆ ಹಾಕಿ, ಅಂಟು ಹಚ್ಚಿದರು.